ಬಿಡಿ ಸಂಯೋಜಕವೋ, ಕ್ರಿಯಾರೂಪದ ಜೋಡಣೆಯೋ?

ಕಾರವಾರ, ಶಿರಸಿಯ ಊರ ವಿಷಯಗಳನ್ನು ಬರೆಯತೊಡಗುವವರ ಮುಂದೆ ವಾಕ್ಯಗಳನ್ನು ಬೆಸೆಯಲು ಎರಡು ದಾರಿಗಳಿವೆ: ‘ಆದ್ದರಿಂದ’, ‘ಆದರೆ’, ‘ಅನಂತರ’ದಂಥ ಬಿಡಿ ಪದಗಳು, ಇಲ್ಲವೇ ‘ಕುಸಿದಿದ್ದರಿಂದ’, ‘ಕುಸಿದರೂ’, ‘ಕುಸಿದ ಬಳಿಕ’ ಎಂಬಂತೆ ಕ್ರಿಯಾಪದದಲ್ಲೇ ಸಂಬಂಧವನ್ನು ಹೇಳುವ ರೂಪಗಳು.

“2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆದ್ದರಿಂದ ವಾಹನಗಳು ಹೊಸ ಸೇತುವೆಯನ್ನೇ ಅವಲಂಬಿಸಬೇಕಾಯಿತು” ಎಂದು ಬರೆದರೆ ಕುಸಿತವೂ ಅದರ ಪರಿಣಾಮವೂ ತಮ್ಮ ತಮ್ಮ ತೂಕದೊಂದಿಗೆ ನಿಲ್ಲುತ್ತವೆ, ಸುದ್ದಿಯನ್ನು ಮೊದಲ ಬಾರಿಗೆ ತಿಳಿಸುವಾಗ ಇದೇ ಸರಿ. “ಸೇತುವೆ ಕುಸಿದಿದ್ದರಿಂದ ವಾಹನಗಳು ಹೊಸದನ್ನೇ ಅವಲಂಬಿಸಬೇಕಾಯಿತು” ಎಂದಾಗ ಕುಸಿತವು ಹಿನ್ನೆಲೆಗೆ ಸರಿದು, ಒತ್ತು ಸಂಚಾರದ ಮೇಲೆ ಬೀಳುತ್ತದೆ. ಓದುಗರಿಗೆ ಕಾರಣ ಮೊದಲೇ ಗೊತ್ತಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

‘ಮತ್ತು’ವಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ. “ರೈತರು ಶಿರಸಿಯಲ್ಲಿ ಅಡಿಕೆ ಮಾರಿದರು ಮತ್ತು ಊರಿಗೆ ಮರಳಿದರು” ಎಂಬುದಕ್ಕಿಂತ “ಅಡಿಕೆ ಮಾರಿ ಊರಿಗೆ ಮರಳಿದರು” ಎಂಬುದೇ ಕನ್ನಡದ ನಡಿಗೆ.

ಆದರೆ ಇಂಥ ರೂಪಗಳನ್ನು ಒಂದೇ ವಾಕ್ಯದಲ್ಲಿ ನಾಲ್ಕೈದು ಪೋಣಿಸಿದರೆ, ಮುಖ್ಯ ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಓದುಗರು ಅದಕ್ಕಾಗಿ ಕಾದು ದಣಿಯುತ್ತಾರೆ. ಅಲ್ಲಿ ವಾಕ್ಯವನ್ನು ಮುಗಿಸಿ, ಮುಂದಿನದನ್ನು ‘ಹೀಗಿರುವಾಗ’ ಅಥವಾ ‘ಆದರೂ’ ಎಂದು ಆರಂಭಿಸುವುದು ಲೇಸು.