ತುಮಕೂರಿನ ಕ್ಯಾಮೆರಾ ಬಾಡಿಗೆ ಅಂಗಡಿ: ಕೇಳಿದ್ದಕ್ಕಿಂತ ಕಡಿಮೆ ಸಾಮಾನು ಕೊಟ್ಟು ಕಳಿಸಿದರು

ನಾನು ಬರೆದುಕೊಂಡು ಹೋಗಿದ್ದ ಪಟ್ಟಿ ಉದ್ದ ಇತ್ತು. ಸೋನಿ ಎಫ್‌ಎಕ್ಸ್ 3 ಕ್ಯಾಮೆರಾ, ನಾಲ್ಕು ಲೆನ್ಸ್, ನಡೆಯುವಾಗ ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯುವ ಗಿಂಬಲ್, ಕ್ಯಾಮೆರಾ ಜಾರಿಸುವ ಸ್ಲೈಡರ್, ಎರಡು ದೊಡ್ಡ ಎಲ್‌ಇಡಿ ಲೈಟು. ವಾಪಸ್ ಬರುವಾಗ ಆಟೋದಲ್ಲಿ ಇದ್ದದ್ದು ಒಂದು ಎಫ್‌ಎಕ್ಸ್ 30, ಎರಡು ಲೆನ್ಸ್, ಟ್ರೈಪಾಡ್, ಒಂದು ಸಣ್ಣ ಲೈಟು ಮತ್ತು ಲೆನ್ಸಿಗೆ ಬರುವ ಬೆಳಕನ್ನು ಕಡಿಮೆ ಮಾಡುವ ಕಪ್ಪು ಗಾಜು, ಅಂದರೆ ಒಂದು ಎನ್‌ಡಿ ಫಿಲ್ಟರ್. ಬಾಡಿಗೆ ಅಂಗಡಿಯವರೇ ಗಿರಾಕಿಯ ಪಟ್ಟಿಗೆ ಕತ್ತರಿ ಹಾಕಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅದಕ್ಕೇ ಬರೆಯಬೇಕು ಅನ್ನಿಸಿತು.

ಅಂಗಡಿ ಇರುವುದು ಬಿ.ಎಚ್. ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೇಲೆ. ಮೆಟ್ಟಿಲು ಕಿರಿದು. ಟ್ರೈಪಾಡ್ ಹಿಡಿದುಕೊಂಡು ಇಳಿಯುವಾಗ ಹುಷಾರು. ಮಾಲೀಕರು ಇಪ್ಪತ್ತು ವರ್ಷ ಮದುವೆ ವಿಡಿಯೋ ಮಾಡಿದವರು, ಈಗ ಬಾಡಿಗೆ ಮಾತ್ರ. ಕೌಂಟರಿನ ಹಿಂದೆ ವಿ.ಕೆ. ಮೂರ್ತಿಯವರ ಫೋಟೋ ಇದೆ. ಮೈಸೂರಿನಲ್ಲಿ ಹುಟ್ಟಿ, ಗುರುದತ್ ಅವರ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅನ್ನಿಸಿಕೊಂಡವರು. ಆ ಫೋಟೋ ಸುಮ್ನೆ ಅಲಂಕಾರಕ್ಕೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು.

ನಮ್ಮದು ಹನ್ನೆರಡು ನಿಮಿಷದ ಕಿರುಚಿತ್ರ. ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ತಾತನ ಹಳೇ ಹೆಂಚಿನ ಮನೆ, ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುವ ಒಬ್ಬ ಅಜ್ಜಿ, ಮಗ ಬರ್ತೀನಿ ಅಂದ ದಿನ. ಅಜ್ಜಿಯ ಪಾತ್ರಕ್ಕೆ ನಮ್ಮ ದೊಡ್ಡಮ್ಮ. ಮಾತು ತುಂಬಾ ಕಡಿಮೆ, ಎಲ್ಲವನ್ನೂ ನೋಡಿಯೇ ತಿಳಿಯಬೇಕು.

ಪಟ್ಟಿ ಕೊಟ್ಟೆ. ಅವರು ಅದನ್ನು ಮೇಜಿನ ಮೇಲೆ ಇಟ್ಟು, "ಏನು ಸೀನು ಮೇಡಂ?" ಅಂದರು. ಹೇಳಿದೆ. ಪಡಸಾಲೆ ಎಷ್ಟು ಅಗಲ? ಹತ್ತು ಅಡಿ. ಬಾಗಿಲು ಯಾವ ದಿಕ್ಕಿಗೆ? ಪೂರ್ವಕ್ಕೆ. ಅಜ್ಜಿ ಎಲ್ಲಿ ಕೂರುತ್ತಾರೆ? ಕಂಬದ ಪಕ್ಕ. ರಸ್ತೆ ಅವರ ಎಡಕ್ಕೋ ಬಲಕ್ಕೋ? ಇಷ್ಟೆಲ್ಲ ಯಾಕೆ ಕೇಳುತ್ತಾರೆ ಅಂತ ಸ್ವಲ್ಪ ಬೇಸರವೇ ಆಯಿತು, ನಿಜ ಹೇಳುತ್ತೇನೆ. ಬೆಂಗಳೂರಿನ ಒಂದು ಕಡೆ ಹಿಂದೆ ಬಾಡಿಗೆಗೆ ತಂದಿದ್ದಾಗ ಯಾರೂ ಒಂದು ಮಾತೂ ಕೇಳಿರಲಿಲ್ಲ, ಕೇಳಿದ್ದೆಲ್ಲ ಪೆಟ್ಟಿಗೆಗೆ ತುಂಬಿ ಕೊಟ್ಟಿದ್ದರು, ಅದರಲ್ಲಿ ಅರ್ಧ ಸಾಮಾನು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ, ದುಡ್ಡು ಮಾತ್ರ ಪೂರ್ತಿ ಹೋಯಿತು.

ಅಜ್ಜಿಯ ಮುಖಕ್ಕೆ ಅಂತ 85 ಎಂಎಂ ಲೆನ್ಸ್ ಕೇಳಿದ್ದೆ, ದೂರದ್ದನ್ನು ಹತ್ತಿರ ತೋರಿಸುವಂಥದ್ದು. ಮುಖ ಚೆನ್ನಾಗಿ ಬರುತ್ತೆ, ಹಿಂದೆಲ್ಲ ಮಸುಕಾಗುತ್ತೆ ಅಂತ. ಅವರು 85 ಹಾಕಿ ಕ್ಯಾಮೆರಾ ನನ್ನ ಕೈಗೇ ಕೊಟ್ಟರು. ಹತ್ತು ಅಡಿ ದೂರದಲ್ಲಿ ಅಂಗಡಿ ಹುಡುಗನನ್ನು ನೆಲದ ಮೇಲೆ ಕೂರಿಸಿದರು. ಫ್ರೇಮಿನಲ್ಲಿ ಮುಖ ಮತ್ತು ಭುಜ, ಅಷ್ಟೇ. "ಕೈ ಎಲ್ಲಿ?" ಅಂದರು. ಎಫ್‌ಎಕ್ಸ್ 30ರ ಸೆನ್ಸರ್ ಫುಲ್‌ಫ್ರೇಮ್‌ಗಿಂತ ಚಿಕ್ಕದು, ಒಂದೂವರೆ ಪಟ್ಟು ಲೆಕ್ಕ ಹಾಕಿದರೆ 85 ಅನ್ನುವುದು ಹೆಚ್ಚುಕಡಿಮೆ 128ರ ಹಾಗೆ ಕಾಣುತ್ತದೆ. ನನ್ನ ಕಥೆಯಲ್ಲಿ ಅಜ್ಜಿಯ ಕೈ ಹಣ್ಣು ಬಿಡಿಸುತ್ತಿದೆ, ಕಿವಿ ರಸ್ತೆ ಕಡೆ ಇದೆ. ಬೈಕಿನ ಸದ್ದಾದಾಗ ಕೈ ನಿಲ್ಲುತ್ತದೆ. ಮುಖ ಒಂದು ಶಾಟ್, ಕೈ ಒಂದು ಶಾಟ್ ಅಂತ ಕತ್ತರಿಸಿದರೆ ಅದು ಎರಡು ಮಾಹಿತಿ ಆಗುತ್ತದೆ. ಒಂದೇ ಫ್ರೇಮಿನಲ್ಲಿ ಕೈ ನಿಂತು ಮುಖ ಏಳುವುದನ್ನು ನೋಡಿದರೆ ಅದು ಕಾಯುವುದು. ಇದನ್ನು ಅವರು ಇಷ್ಟು ಮಾತಲ್ಲಿ ಹೇಳಲಿಲ್ಲ. 35 ಎಂಎಂ ಹಾಕಿ ಏಳು ಅಡಿಗೆ ಬಂದು ನೋಡಿ ಅಂದರು. ನೋಡಿದೆ. ನನಗೇ ಅರ್ಥ ಆಯಿತು.

ಮುಖದ ಬಗ್ಗೆ ಇನ್ನೊಂದು ಮಾತು ಹೇಳಿದರು, ಹೊಸದಾಗಿ ಕ್ಯಾಮೆರಾ ಹಿಡಿದವರೆಲ್ಲ ಇದನ್ನು ತಿಳಿದುಕೊಳ್ಳಬೇಕು. ಅಗಲವಾಗಿ ಹಿಡಿಯುವ ವೈಡ್ ಲೆನ್ಸಿನಲ್ಲಿ ಮೂಗು ದಪ್ಪ ಕಾಣುತ್ತದೆ ಅಂತ ನಾವು ಲೆನ್ಸನ್ನು ಬಯ್ಯುತ್ತೇವೆ. ಅದನ್ನು ಮಾಡುವುದು ದೂರ. ವೈಡ್ ಲೆನ್ಸ್ ಹಾಕಿದಾಗ ಮುಖ ದೊಡ್ಡದಾಗಿ ಬರಲಿ ಅಂತ ನಾವು ಹತ್ತಿರ ಹೋಗುತ್ತೇವೆ, ಅಷ್ಟು ಹತ್ತಿರದಿಂದ ಮೂಗು ಕಿವಿಗಿಂತ ತುಂಬಾ ಮುಂದೆ ಇರುತ್ತದೆ, ಅದಕ್ಕೇ ಹಾಗೆ. ಏಳು ಅಡಿಯಿಂದ 35ರಲ್ಲಿ ದೊಡ್ಡಮ್ಮನ ಮುಖ ಎದುರಿಗೆ ಕೂತು ನೋಡಿದ ಹಾಗೇ ಬಂತು.

ರಸ್ತೆ ಯಾವ ಕಡೆ ಅಂತ ಕೇಳಿದ್ದಕ್ಕೂ ಕಾರಣ ಇತ್ತು. ರಸ್ತೆ ಅಜ್ಜಿಯ ಎಡಕ್ಕೆ ಇದ್ದರೆ ಕ್ಯಾಮೆರಾ ಯಾವಾಗಲೂ ಒಂದೇ ಪಕ್ಕದಲ್ಲಿ ಇರಬೇಕು. ಅಜ್ಜಿ ಮತ್ತು ರಸ್ತೆ ನಡುವೆ ಒಂದು ಗೆರೆ ಎಳೆದ ಹಾಗೆ ಅಂದುಕೊಳ್ಳಿ. ಆ ಗೆರೆ ದಾಟಿ ಆಚೆಯಿಂದ ತೆಗೆದರೆ, ಜೋಡಿಸಿ ನೋಡುವಾಗ ಅಜ್ಜಿ ರಸ್ತೆಗೆ ಬೆನ್ನು ತಿರುಗಿಸಿದ ಹಾಗೆ ಕಾಣುತ್ತಾರೆ. ನಾನು ಬರೆದಿದ್ದ ಎಂಟು ಶಾಟ್‌ಗಳಲ್ಲಿ ಎರಡು ಆಚೆ ಪಕ್ಕದಿಂದ ಇದ್ದವು. ಅಂಗಡಿಯಲ್ಲೇ ಪೆನ್ಸಿಲ್ ತೆಗೆದು ತಿದ್ದಿಕೊಂಡೆ.

ಈಗ ಬೆಳಕು. ನನ್ನ ಮಟ್ಟಿಗೆ ಈ ಅಂಗಡಿಯ ಬೆಲೆ ಇರುವುದು ಇಲ್ಲಿ. ಪಡಸಾಲೆಯ ಮೇಲೆ ಬೆಳಕಿಂಡಿ ಇದೆ ಅಂತ ಹೇಳಿದ್ದೇ ತಡ, ದೊಡ್ಡ ಲೈಟು ಎರಡನ್ನೂ ಪಟ್ಟಿಯಿಂದ ಹೊಡೆದು ಹಾಕಿದರು. "ಮನೇಲಿ ಬಿಳಿ ಪಂಚೆ ಇದೆಯಾ ಮೇಡಂ? ಎರಡು ಇದ್ದರೆ ಇನ್ನೂ ಒಳ್ಳೇದು." ಬೆಳಕಿಂಡಿಯಿಂದ ಬಿಸಿಲು ನೇರ ಬಿದ್ದರೆ ಅಜ್ಜಿಯ ತಲೆ ಬೆಳ್ಳಗೆ, ಕಣ್ಣು ಕಪ್ಪು ಗುಳಿ. ಕೆಳಗೆ ಒಂದು ಪಂಚೆಯನ್ನು ಅಡ್ಡ ಕಟ್ಟಿದರೆ ಬೆಳಕು ಹರಡಿಕೊಂಡು ಇಳಿಯುತ್ತದೆ. ಇನ್ನೊಂದನ್ನು ನೆಲದ ಮೇಲೆ, ಫ್ರೇಮಿನ ಆಚೆ ಹಾಸಿದರೆ ಅದು ಕೆಳಗಿನಿಂದ ಕಣ್ಣಿಗೆ ಸ್ವಲ್ಪ ಬೆಳಕು ಕೊಡುತ್ತದೆ. 1956ರಲ್ಲಿ ಸತ್ಯಜಿತ್ ರೇ ಅವರ ಅಪರಾಜಿತೋ ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಮಾಡಿದ್ದೂ ಇದರ ಅಣ್ಣತಮ್ಮನಂಥದ್ದೇ. ಕಾಶಿಯ ಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು, ಅಂಗಳಕ್ಕೆ ಆಕಾಶದ ಬೆಳಕು ಬೇಕಿತ್ತು. ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ಕೆಳಗಿನಿಂದ ಲೈಟುಗಳನ್ನು ಅದಕ್ಕೆ ಹೊಡೆದು, ಅದು ವಾಪಸ್ ಇಳಿಯುವ ಮೆತ್ತನೆ ಬೆಳಕಲ್ಲಿ ಚಿತ್ರ ತೆಗೆದರು. ಇದನ್ನು ನಾನು ಓದಿ ತಿಳಿದಿದ್ದೆ. ಓದಿದ್ದು ನನ್ನ ತಾತನ ಪಡಸಾಲೆಗೂ ಆಗುತ್ತದೆ ಅಂತ ಹೊಳೆದಿರಲಿಲ್ಲ.

ಅಡುಗೆಮನೆ ಸೀನಿಗೆ ಬಿಸಿಲಿನ ಕೋಲು ಬೇಕಿತ್ತು, ಒಲೆ ಹೊಗೆಯನ್ನು ಸೀಳಿಕೊಂಡು ಬರುವಂಥದ್ದು. ಕಿಟಕಿ ಇರುವುದು ಉತ್ತರಕ್ಕೆ, ಬಿಸಿಲು ಬರುವುದೇ ಇಲ್ಲ. ಅದಕ್ಕೇ ನಾನು ದೊಡ್ಡ ಲೈಟು ಬರೆದಿದ್ದೆ. ಅವರು ಹಿಂದೆ ತಿರುಗಿ ಮೂರ್ತಿಯವರ ಫೋಟೋ ತೋರಿಸಿದರು. 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಖಾಲಿ ಸ್ಟುಡಿಯೋ ಒಳಗೆ ಬೀಳುವ ಆ ಹೆಸರಾಂತ ಬೆಳಕಿನ ಕಂಬ, ಅದನ್ನು ಮೂರ್ತಿಯವರು ತಂದದ್ದು ಹೊರಗಿನ ಬಿಸಿಲಿಗೆ ಕನ್ನಡಿ ಹಿಡಿದು. "ನಿಮ್ಮನೇಲಿ ಬೀರು ಕನ್ನಡಿ ಇಲ್ವಾ?" ಅಂದರು. ಇತ್ತು. ಹಿತ್ತಲಲ್ಲಿ ಕುರ್ಚಿ ಮೇಲೆ ಇಟ್ಟು, ನನ್ನ ತಮ್ಮ ಹಿಡಿದುಕೊಂಡ. ಒಂದು ವಿಷಯ ಮಾತ್ರ ನೆನಪಿಡಿ, ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕಿಟಕಿಯಿಂದ ಇಪ್ಪತ್ತು ಅಡಿ ದೂರದಲ್ಲಿ ಕನ್ನಡಿ ಇದ್ದರೆ ಬೆಳಕು ಅಷ್ಟರಲ್ಲಿ ಅರ್ಧ ಗೇಣು ಜರುಗಿಬಿಡುತ್ತದೆ. ಪ್ರತಿ ಟೇಕಿಗೂ ಮುಂಚೆ ಕನ್ನಡಿ ಸರಿಮಾಡಲೇಬೇಕು. ಹೊಗೆಯಲ್ಲಿ ಆ ಬೆಳಕು ನಿಂತಿದ್ದು ನೋಡಿ ದೊಡ್ಡಮ್ಮ ಕೈ ಮುಗಿದರು. ಆ ಕ್ಷಣ ಕ್ಯಾಮೆರಾ ಆನ್ ಇರಲಿಲ್ಲ ಅನ್ನುವ ಬೇಜಾರು ನನಗೆ ಇನ್ನೂ ಇದೆ.

ಸಣ್ಣ ಲೈಟು ಕೊಟ್ಟದ್ದು ಸಂಜೆ ಸೀನಿಗೆ. ಅದರ ಜೊತೆ ಒಂದು ಚೀಟಿ: 25 ಫ್ರೇಮ್, ಶಟರ್ 50 (ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು), ಕ್ಯಾಮೆರಾದ ಬಣ್ಣ 4300. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಕಾಣಲ್ಲ. ಶಟರ್ ಅದರ ಲೆಕ್ಕಕ್ಕೆ ಕೂಡದಿದ್ದರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ. ಇನ್ನು 4300 ಯಾಕೆ ಅಂದರೆ, ಹಗಲಿನ ಬೆಳಕು 5600 ಕೆಲ್ವಿನ್ ಹತ್ತಿರ, ಹಳೇ ಹಳದಿ ಬಲ್ಬಿನ ಥರದ್ದು 3200ರ ಕೆಳಗೆ ಮೇಲೆ. ಕ್ಯಾಮೆರಾವನ್ನು ಇವೆರಡರ ನಡುವೆ ಇಟ್ಟರೆ ಬಾಗಿಲಾಚೆಯ ಸಂಜೆ ತುಸು ನೀಲಿ, ಒಳಗೆ ಅಜ್ಜಿಯ ಪಕ್ಕ ಹಳದಿ. ಮಗ ಇರುವ ಜಗತ್ತು ಬೇರೆ, ಮನೆ ಬೇರೆ ಅನ್ನುವುದು ಒಂದು ಮಾತೂ ಇಲ್ಲದೆ ಬಂತು.

ಈಗ ದೂರು. ಎನ್‌ಡಿ ಫಿಲ್ಟರ್ ಕೈ ಕೊಟ್ಟಿತು. ದೇವರಾಯನದುರ್ಗದ ಬೆಟ್ಟದ ಮೇಲೆ ಒಂದು ಶಾಟ್ ಇತ್ತು, ಮಗನ ಬೈಕು ಕೆಳಗೆ ರಸ್ತೆಯಲ್ಲಿ ಚುಕ್ಕಿ ಥರ ಹೋಗುವುದು, ಮೇಲೆ ಅರ್ಧ ಫ್ರೇಮ್ ಆಕಾಶ. ಲಾಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದಲು ಅನುಕೂಲ ಆಗುವ ಸೆಟ್ಟಿಂಗಿನಲ್ಲಿ ತೆಗೆಯುವಾಗ ಈ ಕ್ಯಾಮೆರಾದ ಕೆಳಗಿನ ಬೇಸ್ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 800. ಶಟರ್ 50. ಸುಡು ಬಿಸಿಲಿನಲ್ಲಿ ಈ ಲೆಕ್ಕಕ್ಕೆ ಎಫ್ 64 ಬೇಕಾಗುತ್ತದೆ, ಅಷ್ಟು ಚಿಕ್ಕ ಕಿಂಡಿ ನಮ್ಮ ಲೆನ್ಸಿನಲ್ಲಿ ಇಲ್ಲ. ಎಫ್ 4ಕ್ಕೆ ಇಳಿಸಬೇಕಾದರೆ ಎಂಟು ಸ್ಟಾಪ್ ಬೆಳಕು ತಡೆಯಬೇಕು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಆಗುತ್ತದೆ), ಅಂದರೆ 256ರಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡಬೇಕು. ಕ್ಯಾಮೆರಾ ಒಳಗೆ ಎನ್‌ಡಿ ಇಲ್ಲ. ಅವರು ಕೊಟ್ಟದ್ದು ತಿರುಗಿಸಿ ಕಪ್ಪು ಮಾಡುವ ವೇರಿಯಬಲ್ ಎನ್‌ಡಿ. ಅದರಲ್ಲಿ ಎರಡು ಪೋಲರೈಸರ್ ಗಾಜು ಒಂದರ ಮೇಲೊಂದು ಇರುತ್ತವೆ, ಪೂರ್ತಿ ಕಪ್ಪಿನ ಕಡೆಗೆ ತಿರುಗಿಸಿದಾಗ, ಅದರಲ್ಲೂ ವೈಡ್ ಲೆನ್ಸಿಗೆ, ಚಿತ್ರದ ಮೇಲೆ ದೊಡ್ಡ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ. ನಾವು ಹಾಕಿದ್ದು 16 ಎಂಎಂ. ಆಕಾಶದ ತುಂಬ ಆ ನೆರಳು. ಸಣ್ಣ ಸ್ಕ್ರೀನಿನಲ್ಲಿ, ಬಿಸಿಲಲ್ಲಿ ನಮಗೆ ಕಾಣಲಿಲ್ಲ. ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿ ಹೊಟ್ಟೆ ಉರಿಯಿತು.

ಇಷ್ಟು ತಿಳಿದ ಮನುಷ್ಯ ಇದನ್ನು ಮೊದಲೇ ಹೇಳಬೇಕಿತ್ತು. ನಾನು ಹಾಗೇ ಕೇಳಿದೆ. "ತಪ್ಪು ನಂದೇ ಮೇಡಂ, ಮದುವೆಯವರಿಗೆ ಕೊಟ್ಟು ಕೊಟ್ಟು ಅಭ್ಯಾಸ, ಅವರು ಅಷ್ಟು ಕಪ್ಪಿಗೆ ಹೋಗಲ್ಲ" ಅಂದು ಅದರ ಬಾಡಿಗೆ ಬಿಟ್ಟರು. ಆದರೆ ಆ ಬೆಳಗ್ಗೆ ಹೋಯಿತು, ಬೈಕಿನ ಹುಡುಗ ಮತ್ತೆ ರಜೆ ಹಾಕಬೇಕಾಯಿತು. ನೀವು ಹೋದರೆ ಬೇರೆ ಬೇರೆ ಸ್ಟಾಪಿನ ಫಿಕ್ಸೆಡ್ ಎನ್‌ಡಿಗಳನ್ನೇ ಕೇಳಿ. ಬ್ಯಾಟರಿಯನ್ನೂ ಅಲ್ಲೇ ಹಾಕಿ ನೋಡಿಕೊಳ್ಳಿ, ನನಗೆ ಕೊಟ್ಟ ಮೂರರಲ್ಲಿ ಒಂದು ಬೇಗ ಇಳಿಯಿತು.

ಲೆಕ್ಕಾಚಾರದ ವಿಷಯ ಬೇಗ ಹೇಳಿಬಿಡುತ್ತೇನೆ. ಎರಡು ದಿನಕ್ಕೆ ಎಲ್ಲ ಸೇರಿ ನಾನು ಕೊಟ್ಟದ್ದು 5,600 ರೂಪಾಯಿ, ಅಡ್ವಾನ್ಸ್ 5,000, ಆಧಾರ್ ಪ್ರತಿ. ನನ್ನ ಮೂಲ ಪಟ್ಟಿ ಹಾಗೇ ಕೊಟ್ಟಿದ್ದರೆ ಇದರ ಮೂರು ಪಟ್ಟು ಆಗುತ್ತಿತ್ತು. ಸಿನಿ ಲೆನ್ಸ್ ಇಲ್ಲ, ಮೈಕ್ ಇದೆ ಆದರೆ ಹಳೇದು. ಭಾನುವಾರ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಮದುವೆ ಸೀಸನ್ನಿನಲ್ಲಿ ಸಾಮಾನು ಸಿಗುವುದು ಕಷ್ಟ, ಹದಿನೈದು ದಿನ ಮುಂಚೆ ಹೇಳಬೇಕು. ಮತ್ತೆ, ಅವಸರದಲ್ಲಿ ಹೋಗಬೇಡಿ. ಅವರು ಪ್ರಶ್ನೆ ಕೇಳಿಯೇ ಕೊಡುವುದು, ಒಂದು ಗಂಟೆ ಹಿಡಿಯುತ್ತದೆ. ಕಥೆಯನ್ನು, ಆಗುವುದಾದರೆ ಮನೆಯ ನಕ್ಷೆಯನ್ನು ಕೈಯಲ್ಲಿ ಬರೆದುಕೊಂಡು ಹೋಗಿ.

ಸಾಮಾನು ವಾಪಸ್ ಕೊಡಲು ಹೋದ ದಿನ ಕಾರ್ಡ್ ಹಾಕಿ ತೋರಿಸಿ ಅಂದರು. ಪಡಸಾಲೆಯ ಶಾಟ್ ಹಾಕಿದೆ. ದೂರದಲ್ಲಿ ಬೈಕಿನ ಸದ್ದು, ದೊಡ್ಡಮ್ಮನ ಕೈ ನಿಲ್ಲುತ್ತದೆ, ಮುಖ ಎಡಕ್ಕೆ ಏಳುತ್ತದೆ, ಸದ್ದು ಮುಂದೆ ಹೋಗಿಬಿಡುತ್ತದೆ, ಕೈ ಮತ್ತೆ ಶುರು. ಅಂಗಡಿ ಹುಡುಗನೂ ಬಂದು ನಿಂತು ನೋಡಿದ. ಮಾಲೀಕರು ಎರಡು ಸಲ ನೋಡಿದರು. ಲೆನ್ಸ್ ಬಗ್ಗೆ, ಬೆಳಕಿನ ಬಗ್ಗೆ ಏನೂ ಹೇಳಲಿಲ್ಲ. "ಹುಣಸೆ ಬೀಜ ತಗಡಿನ ಡಬ್ಬಕ್ಕೆ ಬೀಳೋ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡಿದ್ದೀರಾ?" ಅಂದರು. ಮಾಡಿರಲಿಲ್ಲ. ಮಾರನೇ ದಿನ ಬೆಳಗ್ಗೆ ಮತ್ತೆ ಗುಬ್ಬಿ ಬಸ್ಸು ಹತ್ತಿದೆ. ದೊಡ್ಡಮ್ಮ ಜಗುಲಿ ಮೇಲೆ ಕೂತು ಒಂದು ಸೇರು ಹಣ್ಣು ಬಿಡಿಸಿದರು, ನಾನು ಪಕ್ಕದಲ್ಲಿ ಫೋನ್ ಹಿಡಿದುಕೊಂಡು ಕೂತಿದ್ದೆ.