ಪಣಜಿಯಿಂದ ಪಾಲೊಲೆಮ್‌ಗೆ ಹಾಯಿದೋಣಿಯಲ್ಲಿ ಒಂದು ರಾತ್ರಿ: 5ಕ್ಕೆ 4

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಕಾಲೊನಿಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ತಲೆಗೆ 11,000 ರೂಪಾಯಿ. ಸಂಜೆ 5ಕ್ಕೆ ಪಣಜಿಯ ಮಾಂಡವಿ ನದಿಯಿಂದ ಹೊರಟು, ಬೆಳಿಗ್ಗೆ ದಕ್ಷಿಣ ಗೋವಾದ ಪಾಲೊಲೆಮ್‌ನಲ್ಲಿ ಇಳಿಸುತ್ತಾರೆ. ಸುಮಾರು 35 ನಾಟಿಕಲ್ ಮೈಲು, ಅಂದ್ರೆ 65 ಕಿಲೋಮೀಟರ್. ರಸ್ತೆ ಮೇಲೆ ಎರಡು ತಾಸಿನ ದಾರಿ. ಹಾಯಿದೋಣಿಗೆ ಇಡೀ ರಾತ್ರಿ ಬೇಕು. ಲೆಕ್ಕ ಕೇಳಿ ನಮ್ಮ ಅಕ್ಕ, "ಅಷ್ಟು ರೊಕ್ಕದಾಗ ಗೋವಾದಾಗ ನಾಲ್ಕು ದಿನ ಇದ್ದು ಬರಬಹುದಲ್ಲೋ" ಅಂದಳು. ಗೋವಾ ನೋಡುವುದಕ್ಕೆ ಹೋಗುವವರಿಗೆ ಅಕ್ಕನ ಮಾತು ಸರಿ. ನಾವು ಹೋಗಿದ್ದು ರಾತ್ರಿ ದೋಣಿ ನಡೆಸುವುದಕ್ಕೆ.

ಹಟ ಹಿಡಿದವನು ಅಕ್ಕನ ಮಗ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. "ಮಾಮಾ, ಸುಮ್ನೆ ಕೂತು ಹೋಗೋದಲ್ಲ, ನಮ್ಮ ಕೈಗೇ ಚುಕ್ಕಾಣಿ ಕೊಡ್ತಾರಂತೆ" ಅಂದ. ಅದಕ್ಕೇ ಒಪ್ಪಿದೆ. ಡಿಸೆಂಬರ್ ತಿಂಗಳ ಅಮಾವಾಸ್ಯೆ ಹತ್ತಿರದ ದಿನ. ಗೋವಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ರೈಲು ದಿನಾ ಇರಲ್ಲ, ಅದನ್ನು ನೋಡಿಕೊಂಡು ರಜೆ ಹಾಕಿದೆ.

ನಾನು ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನಲ್ಲಿ ವ್ಯಾಗನ್ ಟಿಪ್ಲರ್ ನಡೆಸುವವನು. ಕಲ್ಲಿದ್ದಲು ತುಂಬಿದ ವ್ಯಾಗನ್ನನ್ನು ಮಷಿನ್ ಹಿಡಿದುಕೊಂಡು ಬೋರಲು ಹಾಕುತ್ತದೆ, ಮತ್ತೆ ನೆಟ್ಟಗೆ ಮಾಡಿ ಬಿಡುತ್ತದೆ. ಹದಿನಾರು ವರ್ಷದಿಂದ ಅದೇ ಕೆಲಸ. ಮರ್ಮಗೋವಾ ಬಂದರಿಗೆ ಹಡಗಿನಲ್ಲಿ ಬಂದ ಕಲ್ಲಿದ್ದಲು ಘಾಟ್ ಹತ್ತಿ ರೈಲಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ನಾನು ನೋಡಿದ್ದು ವ್ಯಾಗನ್ ಮಾತ್ರ. ಆವತ್ತು ಸಂಜೆ 7ರ ಹೊತ್ತಿಗೆ ನಮ್ಮ ದೋಣಿ ಆ ಬಂದರಿನ ಎದುರಿಗೆ ಬಂತು. ಲಂಗರು ಹಾಕಿ ನಿಂತ ಹಡಗುಗಳ ಡೆಕ್ಕಿನ ತುಂಬ ದೀಪ. 100 ಮೀಟರಿಗಿಂತ ಉದ್ದದ ಹಡಗು ಲಂಗರು ಹಾಕಿದಾಗ ಡೆಕ್ಕಿಗೆಲ್ಲ ಬೆಳಕು ಹಾಕಲೇಬೇಕು ಅಂತ ನಿಯಮವಿದೆಯಂತೆ. ಒಂದರ ಹತ್ತಿರ ಹೋದಾಗ ಅದರ ಗೋಡೆ ನಮ್ಮ ಹಾಯಿಕಂಬಕ್ಕಿಂತ ಎತ್ತರ ಇತ್ತು. ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ. ಅಳಿಯ ಫೋಟೊ ತೆಗೆದುಕೊಟ್ಟ, ಕತ್ತಲಲ್ಲಿ ಏನೂ ಬಂದಿಲ್ಲ.

ದೋಣಿ 30 ಅಡಿ ಉದ್ದ. ನಾವಿಬ್ಬರು, ಪುಣೆಯ ಗಂಡ ಹೆಂಡತಿ, ಮತ್ತೆ ಕ್ಯಾಪ್ಟನ್. ಒಳಗಡೆ ಮಲಗಲು ಜಾಗ ಇದೆ, ಆದರೆ ಡೀಸೆಲ್ ವಾಸನೆ. ಪುಣೆಯವರು ಒಳಗೆ ಹೋಗಿ ಮಲಗಿ ಅರ್ಧ ತಾಸಿಗೆ ವಾಂತಿ ಮಾಡಿಕೊಂಡು ಮೇಲೆ ಬಂದರು. ನೀವು ಹೋದರೆ ಮಾತ್ರೆಯನ್ನು ಹತ್ತುವ ಮೊದಲೇ ನುಂಗಿ, ರಾತ್ರಿ ಎಲ್ಲ ಮೇಲೆಯೇ ಇರಿ. ಊಟ ಪಲಾವ್, ಪರವಾಗಿಲ್ಲ. ಅಕ್ಕ ಕಟ್ಟಿಕೊಟ್ಟ ಖಡಕ್ ಸಜ್ಜಿ ರೊಟ್ಟಿ ರಾತ್ರಿ 10ಕ್ಕೆ ಬಿಚ್ಚಿದರೆ ಬಟ್ಟೆ ಹಾಗೆ ಮಡಚುತ್ತಿತ್ತು, ಸಮುದ್ರದ ಗಾಳಿಯಲ್ಲಿ ಅಷ್ಟು ನೀರಿರುತ್ತದೆ. ಶೇಂಗಾ ಚಟ್ನಿ ಹಾಕಿ ಐದೂ ಜನ ತಿಂದೆವು.

ಸಂಜೆ ಗಾಳಿ ಸಮುದ್ರದ ಕಡೆಯಿಂದ ಇತ್ತು. 8 ಗಂಟೆಗೆ ಸತ್ತೇ ಹೋಯ್ತು. ಇಂಜಿನ್ ಹಾಕಿ ಹೋದೆವು. ಹತ್ತೂವರೆ ಹೊತ್ತಿಗೆ ಎಡಗೆನ್ನೆಗೆ ತಣ್ಣಗೆ ಏನೋ ತಾಕಿತು. ನೆಲ ತಣ್ಣಗಾದ ಮೇಲೆ ದಡದಿಂದ ಸಮುದ್ರಕ್ಕೆ ಬೀಸುವ ಗಾಳಿ ಅದು, ಬೆಳಗಿನವರೆಗೂ ಇರುತ್ತದೆ. ಹೊಗೆಯ ವಾಸನೆ, ಒದ್ದೆ ಮಣ್ಣಿನ ವಾಸನೆ ಎರಡೂ ಅದರಲ್ಲಿ ಇತ್ತು. ಕ್ಯಾಪ್ಟನ್ ಇಂಜಿನ್ ಆರಿಸಿದರು. ಆಮೇಲೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.

ನನ್ನ ಪಾಳಿ 12ರಿಂದ 2. ನಮ್ಮ ಪ್ಲಾಂಟಿನ ಸಿ ಶಿಫ್ಟಿನ, ಅಂದ್ರೆ ರಾತ್ರಿ ಪಾಳಿಯ ಹೊತ್ತು, ಕಣ್ಣು ತಾನಾಗೇ ತೆರೆದಿತ್ತು. ಈ ಸರ್ವಿಸಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ಯಾಪ್ಟನ್ ಆ ಪಾಳಿ ಒಪ್ಪಿಸಿದ ರೀತಿ. ನಮ್ಮಲ್ಲಿ ಶಿಫ್ಟ್ ಬದಲಾಗುವಾಗ ಒಳ್ಳೆ ಆಪರೇಟರ್ ಹೇಗೆ ಹೇಳುತ್ತಾನೋ ಹಾಗೆ. ದಿಕ್ಕು 150 ಡಿಗ್ರಿ. ಗಾಳಿ ಎಡದಿಂದ. ಮುಂದೆ ಬಲಕ್ಕೆ ಒಂದು ಹಡಗು, ದೂರ ಹೋಗುತ್ತಿದೆ. ಎಡಕ್ಕೆ ಮೂರು ಮೀನಿನ ದೋಣಿ, ಒಂದಕ್ಕೆ ದೀಪ ಇಲ್ಲ. ಅನುಮಾನ ಬಂದರೆ ಎಬ್ಬಿಸು, ಸುಮ್ನೆ ಎಬ್ಬಿಸಿದೆ ಅಂತ ನಾನು ಬೈಯಲ್ಲ. ಇದನ್ನು ಹಿಂದಿಯಲ್ಲಿ ಹೇಳಿ, ನನ್ನ ಬಾಯಿಂದ ಮತ್ತೆ ಹೇಳಿಸಿದರು. ಆಮೇಲೆ ನನ್ನ ಕಾಲ ಹತ್ತಿರವೇ ಬೆಂಚಿನ ಮೇಲೆ ಕಣ್ಣು ಮುಚ್ಚಿದರು.

ಚುಕ್ಕಾಣಿಯ ಕೋಲನ್ನು ಎಡಕ್ಕೆ ಎಳೆದರೆ ದೋಣಿ ಬಲಕ್ಕೆ ತಿರುಗುತ್ತದೆ. ಕೈಗೆ ಅದು ಕೂರುವವರೆಗೆ ನನ್ನ ದೋಣಿ ಹಾವಿನ ಹಾಗೆ ಹೋಯಿತು. ಹಿಂದೆ ತಿರುಗಿ ನೋಡಿದರೆ ಆ ಸೊಟ್ಟ ದಾರಿ ನೀರಿನಲ್ಲಿ ಹಸಿರು ಬೆಳಕಾಗಿ ಹೊಳೆಯುತ್ತಿತ್ತು. ಅಲುಗಾಡಿಸಿದರೆ ಮಿನುಗುವ ಸಣ್ಣ ಜೀವಿಗಳಂತೆ ಅವು. ಕ್ಯಾಪ್ಟನ್ ಕಣ್ಣು ತೆರೆಯದೆ ಹೇಳಿದರು, "ಕಂಪಾಸ್ ನೋಡಬೇಡ, ನಕ್ಷತ್ರ ನೋಡು." ಮುಂದೆ ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಕಂಬಕ್ಕೂ ಬಲಗಡೆಯ ಸ್ಟೀಲ್ ತಂತಿಗೂ ನಡುವೆ ಇಟ್ಟುಕೊಂಡೆ. ದೋಣಿ ನೆಟ್ಟಗಾಯಿತು. ನಕ್ಷತ್ರ ಸರಿಯುತ್ತಲೇ ಇರುತ್ತದಲ್ವಾ, ಅದಕ್ಕೆ ಕಾಲು ತಾಸಿಗೊಮ್ಮೆ ಕಂಪಾಸ್ ನೋಡಿ ಹೊಂದಿಸಿಕೊಳ್ಳಬೇಕು.

ಹಡಗಿನ ದೀಪದ ಪಾಠವನ್ನೂ ಹೇಳಿಕೊಟ್ಟರು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಮೇಲೇ ಬರುತ್ತಿದೆ. ದೋಣಿಯ ಅಂಚಿನ ಒಂದು ಕಂಬಿಗೆ ಆ ದೀಪವನ್ನು ಸರಿ ಮಾಡಿ ನೋಡಬೇಕು. ಕಂಬಿಯಿಂದ ಅತ್ತ ಇತ್ತ ಜರುಗಿದರೆ ಭಯ ಇಲ್ಲ. ಜರುಗದೆ ದೊಡ್ಡದಾಗುತ್ತಾ ಬಂದರೆ ಡಿಕ್ಕಿ. ನಾನು ಒಂದೇ ಸಲ ಎಬ್ಬಿಸಿದೆ. ಎದ್ದು ನೋಡಿ, "ಸರಿ ಮಾಡಿದೆ" ಅಂದು ದಿಕ್ಕು ಹತ್ತು ಡಿಗ್ರಿ ಬದಲಾಯಿಸಿ ಮತ್ತೆ ಮಲಗಿದರು.

ಒಂದು ಗಂಟೆ ಸುಮಾರಿಗೆ ಕ್ಯಾವೆಲೊಸಿಮ್ ಎದುರಿಗೆ ಇದ್ದೆವು. ಜಿಪಿಎಸ್‌ನಲ್ಲಿ ಅಕ್ಷಾಂಶ 15 ಡಿಗ್ರಿ 11 ನಿಮಿಷ. ಅಳಿಯ ಮೊಬೈಲ್ ತೆಗೆದು ನೋಡಿ, "ಮಾಮಾ, ಇದು ತೋರಣಗಲ್ಲಿನ ಗೆರೆ!" ಅಂದ. ನಿಜ. ಅಲ್ಲಿಂದ ನೇರ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ನಮ್ಮ ಪ್ಲಾಂಟು. ಎಡ ಹೆಗಲ ಹಿಂದೆ ಧ್ರುವ ನಕ್ಷತ್ರ ಇತ್ತು. ಕೈ ಚಾಚಿ ಮುಷ್ಟಿ ಹಿಡಿದು ಅಳೆದೆವು. ಒಂದು ಮುಷ್ಟಿ ಹತ್ತು ಡಿಗ್ರಿ, ನೀರಿನ ಅಂಚಿನಿಂದ ಒಂದೂವರೆ ಮುಷ್ಟಿ ಬಂತು. ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರ ಅಷ್ಟೇ ಎತ್ತರ. ನಮ್ಮ ಮನೆ ಮಾಳಿಗೆ ಮೇಲೆ ನಿಂತರೂ ಅಷ್ಟೇ. ಇಷ್ಟು ವರ್ಷ ಅಲ್ಲೇ ಇದ್ದರೂ ನಾನು ಅದನ್ನು ಹುಡುಕಿರಲಿಲ್ಲ.

ಅಳಿಯನ ಪಾಳಿಯಲ್ಲಿ, ಮೂರು ಗಂಟೆಗೆ, ಮೀನಿನ ಬಲೆ ಸಿಕ್ಕಿಕೊಂಡಿತು. ಹಾಯಿ ತುಂಬಿದೆ, ದೋಣಿ ಮಾತ್ರ ಅಲ್ಲಾಡುತ್ತಿಲ್ಲ. ಹುಡುಗ ಗಾಬರಿಯಲ್ಲಿ ಇಂಜಿನ್ ಕೀಲಿಗೆ ಕೈ ಹಾಕಿದ. ಕ್ಯಾಪ್ಟನ್ ಆ ಕೈ ಹಿಡಿದುಕೊಂಡರು. ಇಂಜಿನ್ ಹಾಕಿದ್ದರೆ ಬಲೆ ನೀರೊಳಗೆ ತಿರುಗುವ ಫ್ಯಾನಿಗೆ ಸುತ್ತಿಕೊಳ್ಳುತ್ತಿತ್ತು. ಹಾಯಿ ಸಡಿಲ ಬಿಟ್ಟು, ಕೊಕ್ಕೆಕೋಲಿನಿಂದ ಬಲೆಯ ಹಗ್ಗವನ್ನು ಕೆಳಕ್ಕೆ ಒತ್ತಿ ಒತ್ತಿ ಜಾರಿಸಿದರು. ಮೀನುಗಾರರ ಬಲೆ ಕೊಯ್ಯಲಿಲ್ಲ. 25 ನಿಮಿಷ ಹಿಡಿಯಿತು.

ಈಗ ನನ್ನ ತಕರಾರು. ಆ ಕೊಕ್ಕೆಕೋಲು ಹಿಡಿಯುವಾಗ ಕ್ಯಾಪ್ಟನ್ ಅಂಚಿನಿಂದ ಅರ್ಧ ಹೊರಗೆ ಬಾಗಿದ್ದರು. ಬುಕ್ ಮಾಡುವಾಗ ಇಬ್ಬರು ಸಿಬ್ಬಂದಿ ಇರುತ್ತಾರೆ ಅಂದಿದ್ದರು, ಬಂದದ್ದು ಒಬ್ಬರೇ. ಲೈಫ್ ಜಾಕೆಟ್ ಐದಿತ್ತು. ದೋಣಿಗೆ ಕಟ್ಟಿಕೊಳ್ಳುವ ಹುಕ್ ಬೆಲ್ಟ್ ಮಾತ್ರ ಎರಡೇ. ನಮ್ಮ ಪ್ಲಾಂಟಿನಲ್ಲಿ ಎತ್ತರದಲ್ಲಿ ಹುಕ್ ಹಾಕದೆ ಯಾರೂ ಹೆಜ್ಜೆ ಇಡುವ ಹಾಗಿಲ್ಲ. ರಾತ್ರಿ ಸಮುದ್ರಕ್ಕೆ ಬಿದ್ದವರ ತಲೆ ಅಲೆಗಳ ಮಧ್ಯೆ ಕಾಣುವುದೇ ಇಲ್ಲ. ನಾನು ನನ್ನ ಬೆಲ್ಟ್ ಬಿಚ್ಚಿ ಅವರ ಸೊಂಟಕ್ಕೆ ಹಾಕಿದೆ. ಕ್ಯಾಪ್ಟನ್ ಬಗ್ಗೆ ನನಗೆ ಗೌರವ ಇದೆ, ತಪ್ಪು ಅವರನ್ನು ಒಬ್ಬರೇ ಕಳಿಸಿದ ಮಾಲೀಕರದು. ಅವರಿಗೆ ಫೋನಿನಲ್ಲೇ ಇದನ್ನು ಹೇಳಿದ್ದೇನೆ. ಒಂದು ಅಂಕ ಕಳೆದದ್ದು ಇದಕ್ಕೇ.

ಐದು ಗಂಟೆಗೇ ಪಾಲೊಲೆಮ್ ಎದುರು ತಲುಪಿದೆವು. ಬಂಡೆ, ಬಲೆ ಕಾಣದ ಕತ್ತಲಲ್ಲಿ ಒಳಗೆ ಹೋಗಲು ಕ್ಯಾಪ್ಟನ್ ಒಪ್ಪಲಿಲ್ಲ. ಬೆಳಕಾಗುವವರೆಗೆ ಹೊರಗೇ ನಿಂತೆವು, ಚಹಾ ಕುಡಿದೆವು. ಸೂರ್ಯ ದಡದ ಗುಡ್ಡದ ಹಿಂದಿನಿಂದ ಬಂದ. ಇಳಿದು ಕಾಣಕೋಣ ಸ್ಟೇಷನ್ನಿಗೆ ಆಟೊ ಹಿಡಿದೆವು.

ಹೋಗುವವರು ಬುಕ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ. ಎಷ್ಟು ಸಿಬ್ಬಂದಿ, ಎಷ್ಟು ಹುಕ್ ಬೆಲ್ಟ್. ಡಿಸೆಂಬರ್, ಜನವರಿ ಒಳ್ಳೆ ಹೊತ್ತು, ಮಳೆಗಾಲದಲ್ಲಿ ಯಾರು ಕರೆದರೂ ಹೋಗಬೇಡಿ. ಅಮಾವಾಸ್ಯೆ ಹತ್ತಿರ ಹೋದರೆ ನಕ್ಷತ್ರ ಜಾಸ್ತಿ. ಸ್ವೆಟರ್ ಒಯ್ಯಿರಿ, ಬೆಳಗಿನ ಜಾವ ನಡುಗುತ್ತೀರಿ.

ಮಾಲೀಕರು ಮೊನ್ನೆ ಫೋನ್ ಮಾಡಿ, ಮೂರು ಬೆಲ್ಟ್ ತರಿಸಿದ್ದೇವೆ ಅಂದರು. ಫೋಟೊ ಕಳಿಸಿ ಅಂದೆ. ಇನ್ನೂ ಬಂದಿಲ್ಲ. ಅಳಿಯ ದಿನಾ ಕೇಳುತ್ತಾನೆ, ಫೆಬ್ರವರಿಗೆ ಟಿಕೆಟ್ ತೆಗೀಲಾ ಮಾಮಾ ಅಂತ. ಮೊದಲು ಫೋಟೊ ಬರಲಿ ಅಂತ ಹೇಳಿದ್ದೇನೆ.