ಅನಂತಕ್ಕೆ ಹೋಗುವ ಲಿಮಿಟ್: ಕೋಷ್ಟಕವೋ, ಚಿಹ್ನೆಯೋ?

(ಎಕ್ಸ್ + 1) ÷ (ಎಕ್ಸ್ − 2) ತಗೊಳ್ಳಿ. ಎಕ್ಸ್ 2ರ ಹತ್ತಿರ ಹೋದಾಗ ಏನಾಗುತ್ತದೆ? ಅಂದರೆ ಇದರ ಬೆಲೆ ಯಾವುದರ ಹತ್ತಿರ ಹೋಗುತ್ತದೆ? ಅದೇ ಲಿಮಿಟ್.

ಮೊದಲ ದಾರಿ, ಕ್ಯಾಲ್ಕುಲೇಟರ್ ಹಿಡಿದು ಬೆಲೆಗಳ ಕೋಷ್ಟಕ ಮಾಡುವುದು. 2.1ಕ್ಕೆ 31, 2.01ಕ್ಕೆ 301. ಆಚೆ ಕಡೆ 1.99ಕ್ಕೆ −299. ಕಣ್ಣಿಗೆ ಕಾಣುತ್ತದೆ, ಹೊಸಬರಿಗೆ ಧೈರ್ಯ ಬರುತ್ತದೆ. ಆದರೆ ಇದನ್ನೇ ಪೂರ್ತಿ ನಂಬಬೇಡಿ. ಎಕ್ಸ್‌ನ ಸ್ವಾಭಾವಿಕ ಲಾಗ್ ನೋಡಿ: 0.001ಕ್ಕೆ ಸುಮಾರು −6.9, 0.000001ಕ್ಕೂ ಬರೀ −13.8. ಎಲ್ಲೋ ನಿಂತುಬಿಡುತ್ತದೆ ಅನಿಸುತ್ತೆ, ಅಲ್ವಾ? ನಿಲ್ಲುವುದಿಲ್ಲ. ಸೊನ್ನೆಯ ಹತ್ತಿರ ಅದು ಋಣ ಅನಂತಕ್ಕೇ ಇಳಿಯುತ್ತದೆ.

ಎರಡನೆಯದು ಚಿಹ್ನೆ ನೋಡುವುದು. ನಮ್ಮ ಉದಾಹರಣೆಯಲ್ಲಿ ಅಂಶ 3ರ ಹತ್ತಿರ, ಛೇದ ಸೊನ್ನೆಯ ಹತ್ತಿರ. ಬಲದಿಂದ ಬಂದರೆ ಛೇದ ಧನ, ಉತ್ತರ ಧನ ಅನಂತ. ಎಡದಿಂದ ಋಣ ಅನಂತ. ಎರಡೂ ಬೇರೆ, ಹಾಗಾಗಿ 2ರಲ್ಲಿ ಲಿಮಿಟ್ ಇಲ್ಲ. ಎರಡೇ ಸಾಲು! ಪರೀಕ್ಷೆಗೆ ನಾನು ಹೇಳುವುದು ಇದನ್ನೇ.

ಲೊಪಿತಾಲ್ ನಿಯಮ, ಅಂದರೆ ಅಂಶ ಮತ್ತು ಛೇದ ಎರಡನ್ನೂ ಬೇರೆಬೇರೆಯಾಗಿ ಡಿಫರೆನ್ಷಿಯೇಟ್ ಮಾಡಿ ಲಿಮಿಟ್ ನೋಡುವುದು? ಇಲ್ಲಿ ಬೇಡವೇ ಬೇಡ. ಸುಮ್ನೆ ಹಾಕಿದರೆ 1 ಎಂಬ ತಪ್ಪು ಉತ್ತರ ಬರುತ್ತದೆ. ಅದು 0/0 ಅಥವಾ ಅನಂತ/ಅನಂತ ರೂಪಕ್ಕೆ ಮಾತ್ರ. ನಮ್ಮದು 3/0.